ಕೊಳಲಿನ ಮೇಲೆ ಬಿದ್ದ ಕರ್ವ್

“ನನ್ನ ಕೊಳಲು ಬೇಡ ಅಂದ್ರೆ ಬಾಯಿಬಿಟ್ಟು ಹೇಳಿ. ಹೀಗೆ ಕತ್ತು ಹಿಸುಕಬೇಡಿ.”

ಸ್ಟುಡಿಯೋ ಬಾಗಿಲು ತಳ್ಳಿಕೊಂಡು ಬಂದವರು ಇಷ್ಟು ಹೇಳಿ ನಿಂತರು. ನಾವೆಲ್ಲ ಅವರನ್ನು ಕೊಳಲಿನವರು ಎಂದೇ ಕರೆಯುವುದು. ನಾಲ್ಕು ತಿಂಗಳಿಂದ ನನ್ನ ಹಾಡುಗಳಿಗೆ ನುಡಿಸುತ್ತಿದ್ದಾರೆ, ಒಂದು ದಿನವೂ ದನಿ ಏರಿಸಿದವರಲ್ಲ. ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡವಳು ನಾನು.

“ಏನಾಯ್ತು ಅಂತ ಹೇಳ್ತೀರಾ?”

“ನೀವು ಮೊನ್ನೆ ಕಳಿಸಿದ ಹಾಡು ಕೇಳಿದೆ. ಪ್ರತಿ ಸ್ವರದ ತಲೆಯೂ ನಾಪತ್ತೆ. ಬಾಲ ಮಾತ್ರ ಕೇಳ್ಸುತ್ತೆ.”

“ಸುಮ್ನೆ ಏನೇನೋ ಹೇಳ್ಬೇಡಿ, ಕೂತ್ಕೊಳ್ಳಿ,” ಎಂದೆ.

ಕಂಪ್ಯೂಟರಿನಲ್ಲಿ ಹಾಡು ಹಾಕಿದೆ. ಅವಸರದಲ್ಲಿ ಕೊನೆಯ ಸಲ ಕೇಳದೆಯೇ ಕಳಿಸಿದ್ದೆ. ಈಗ ಕೇಳಿದರೆ, ಅವರು ಹೇಳಿದ್ದು ನೂರಕ್ಕೆ ನೂರು ನಿಜ.

ಡ್ರಮ್ ಬಿದ್ದಾಗಲೆಲ್ಲ ಕೀಬೋರ್ಡಿನ ಸದ್ದು ತಗ್ಗಿ, ಮತ್ತೆ ಮೆಲ್ಲಗೆ ಏರಲಿ ಎಂದು ಸ್ಕ್ರೀನಿನ ಮೇಲೆ ಒಂದು ಕರ್ವ್, ಅಂದರೆ ಸದ್ದನ್ನು ಇಳಿಸಿ ಏರಿಸುವ ಬಾಗುಗೆರೆ, ಎಳೆದಿದ್ದೆ. ಒಂದು ಸಲ ಎಳೆದರೆ ಸಾಕು, ಹಾಡಿನ ಟೆಂಪೋಗೆ, ಅಂದರೆ ಲಯದ ವೇಗಕ್ಕೆ, ಹೊಂದಿಕೊಂಡು ಪ್ರತಿ ಬೀಟಿಗೂ ತಾನೇ ಇಳಿದು ಏರುತ್ತದೆ. ಟೆಂಪೋ ಬದಲಿಸಿದರೆ ಅದೂ ಜೊತೆಗೇ ಬದಲಾಗುತ್ತದೆ. ಎಲ್ಲ ಸರಿಯಾಗಿಯೇ ಇತ್ತು, ಆದರೆ ಆ ಕರ್ವ್ ಹೋಗಿ ಕೂತಿದ್ದು ಕೊಳಲಿನ ಟ್ರ್ಯಾಕಿನ ಮೇಲೆ. ಬೀಟಿನ ಜೊತೆ ಶುರುವಾಗುವ ಒಂದೊಂದು ಸ್ವರದ ತಲೆಯನ್ನೂ ಅದು ನುಂಗಿತ್ತು.

ಅದನ್ನು ಎತ್ತಿ ಕೀಬೋರ್ಡಿನ ಟ್ರ್ಯಾಕಿಗೆ ಹಾಕಿದೆ. ಈಗ ಬೀಟಿಗೊಮ್ಮೆ ಕೀಬೋರ್ಡ್ ಪಕ್ಕಕ್ಕೆ ಸರಿದು ಕೊಳಲಿಗೆ ಜಾಗ ಬಿಡುತ್ತಿತ್ತು. ಅವರ ಗಂಟಿಕ್ಕಿದ ಹುಬ್ಬು ಸಡಿಲವಾಯಿತು. ಬೆರಳುಗಳು ಮೊಣಕಾಲಿನ ಮೇಲೆ ತಾವಾಗಿಯೇ ನುಡಿಸತೊಡಗಿದವು. ಆ ಬೆರಳುಗಳನ್ನು ನೋಡಬಾರದೆಂದು ನಾನು ಸ್ಕ್ರೀನನ್ನೇ ದಿಟ್ಟಿಸಿದೆ.

“ತಪ್ಪು ನಂದೇ.”

“ನೀವು ಇಂಥ ತಪ್ಪು ಮಾಡೋರಲ್ವಲ್ಲ! ನಾನು ಬೇಡವಾದೆ ಅಂದ್ಕೊಂಡು, ಬೇರೆ ಊರಿನ ಸಂಗೀತ ಶಾಲೆಗೆ ಮೇಷ್ಟ್ರಾಗಿ ಸೋಮವಾರ ಬಂದು ಸೇರ್ಕೋತೀನಿ ಅಂತ ಬೆಳಿಗ್ಗೆ ಒಪ್ಕೊಂಡ್ಬಿಟ್ಟೆ.”

ಆಗಲೇ ಕೆಳಗಿನ ಮನೆಯಿಂದ ಟೀ ಹಿಡಿದು ಅತ್ತಿಗೆ ಬಂದಿದ್ದರು. ಕೊಳಲಿನವರು ಬರುವ ದಿನ ಮಾತ್ರ ನಾನು ತಲೆ ಬಾಚಿಕೊಳ್ಳುತ್ತೇನೆಂದು ಅಣ್ಣನಿಗೆ ಚಾಡಿ ಹೇಳುವವರು ಇವರೇ.

“ತಪ್ಪು ಹೇಗಾಯ್ತು ಅಂತಾನೂ ಹೇಳ್ಬಿಡೇ. ನನ್ನ ಹತ್ರ ಆದ್ರೆ ಪಟಪಟ ಅಂತೀಯ,” ಎಂದು ಕಪ್ ಇಟ್ಟು ಹೋದರು.

ಈಗ ಹೇಳದಿದ್ದರೆ ಇನ್ನು ಹೇಳುವುದೇ ಇಲ್ಲ.

“ನೀವು ರೆಕಾರ್ಡಿಂಗ್ ರೂಮಿನ ಗಾಜಿನ ಆ ಕಡೆ ನುಡಿಸ್ತಿದ್ರಿ. ನಾನು ಟ್ರ್ಯಾಕ್ ನೋಡೋದು ಬಿಟ್ಟು ನಿಮ್ಮನ್ನ ನೋಡ್ತಿದ್ದೆ. ಕರ್ವ್ ಎಲ್ಲೋ ಹೋಗಿ ಕೂತ್ಕೊಳ್ತು. ಸಾಕಾ?”

“ಎಷ್ಟು ದಿನದಿಂದ?”

“ಕರ್ವ್ ತಪ್ಪಿದ್ದು ಮೊನ್ನೆ. ನೋಡ್ತಿರೋದು ನಾಲ್ಕು ತಿಂಗಳಿಂದ. ಹೋಗ್ಬೇಡಿ. ನೀವಂದ್ರೆ ನಂಗೆ ಇಷ್ಟ.”

ಅವರ ಕಿವಿ ಕೆಂಪಾಯಿತು. ಜೇಬಿನಿಂದ ಫೋನ್ ತೆಗೆದು ಆ ಶಾಲೆಗೆ ಕರೆ ಮಾಡಿದರು.

“ಸರ್, ಸೋಮವಾರ ಬರೋಕಾಗಲ್ಲ, ಕ್ಷಮಿಸಿ... ಇಲ್ಲ ಸರ್, ಆರೋಗ್ಯ ಚೆನ್ನಾಗೇ ಇದೆ. ಇಲ್ಲೊಬ್ರು ಹೋಗ್ಬೇಡಿ ಅಂದ್ರು... ಯಾರು ಅಂತಾನಾ?”

ಫೋನಿಗೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದರು.

“ಏನಂತ ಹೇಳ್ಲಿ?”

“ಮದುವೆ ಆಗೋ ಹುಡುಗಿ ಅಂತ ಹೇಳಿ.”

ಅವರು ಹಾಗೆಯೇ ಹೇಳಿದರು.