ಕಾಣೆಯಾದ ಸೈತಾನನ ಮುಖ

"ಮೇಡಂ, ನಮ್ಮ ಸೈತಾನ ಕಾಣ್ತಿಲ್ಲ. ನೀವೇ ಹುಡುಕಿಕೊಡಬೇಕು."

ಶಿವಮೊಗ್ಗದ ರವೀಂದ್ರನಗರದ ಮನೆಬಾಗಿಲಲ್ಲಿ ನಿಂತು ಹೀಗೆಂದವನನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಶಾಮಲಾ ಮೇಡಂ ಮಾತ್ರ ನಗದೆ ಕುರ್ಚಿ ತೋರಿಸಿದರು. ಹೈಸ್ಕೂಲಿನಲ್ಲಿ ಸಂಸ್ಕೃತ ಪಾಠ ಹೇಳಿ ನಿವೃತ್ತರಾದ ಮೇಲೆ ಊರವರ ಒಗಟು ಬಿಡಿಸುವುದೇ ಅವರ ಕಸುಬು. ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ನಾನು, ಸಂಧ್ಯಾ, ಅವರ ಸ್ಕೂಟರ್ ಸಾರಥಿ.

ಬಂದವನ ಹೆಸರು ವಸಂತ್. ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ಭದ್ರಾವತಿಯ ತಮ್ಮ ಚರ್ಚಿನಲ್ಲಿ ಕ್ರಿಸ್‌ಮಸ್ ನಾಟಕ ಆಡಿಸುವವನೂ ಅವನೇ. ದೇವದೂತರಲ್ಲೆಲ್ಲ ಹೆಚ್ಚು ಬೆಳಗುತ್ತಿದ್ದವನು "ನಾನೇ ಮೇಲು" ಎಂದು ಮೆರೆದು, ಬಿದ್ದು, ಸೈತಾನನಾದ ಕತೆ. ಅದಕ್ಕೆಂದೇ ವಸಂತ್ ಎರಡು ಉದ್ದನೆಯ ಕೊಂಬಿನ ಕೆಂಪು ಮುಖವಾಡ ಮಾಡಿದ್ದ. ಶನಿವಾರ ಸಂಜೆ ರಿಹರ್ಸಲ್ ಮುಗಿದಾಗ ಅದು ಚರ್ಚಿನ ಪಕ್ಕದ ಕೋಣೆಯಲ್ಲಿತ್ತು. ಭಾನುವಾರ ಆರಾಧನೆ ಮುಗಿಸಿ ನೋಡಿದರೆ ಇಲ್ಲ.

"ಯಾರ ಮೇಲಾದ್ರೂ ಅನುಮಾನ?" ಎಂದರು ಮೇಡಂ.

ವಸಂತ್ ತಲೆ ತಗ್ಗಿಸಿದ. "ಎಲ್ಲರಿಗೂ ದೇವರಾಜಣ್ಣನ ಮೇಲೇ. ಸಭೆಯ ಹಿರಿಯರು. 'ಚರ್ಚಿನೊಳಗೆ ಸೈತಾನನ ಮೂತಿ ತಂದ್ರೆ ನಾನೇ ಸುಟ್ಟುಹಾಕ್ತೀನಿ' ಅಂದಿದ್ರು. ನಿನ್ನೆ ನಮ್ಮೋರೇ ಕೆಲವರು ಹೋಗಿ ಅವರ ಹಿತ್ತಿಲ ಬೂದಿ ಕೆದಕಿಬಿಟ್ರು, ಮೇಡಂ. 'ಇನ್ನು ಈ ಚರ್ಚಿನ ಮೆಟ್ಟಿಲು ಹತ್ತಲ್ಲ' ಅಂತ ಅಣ್ಣ ಕೂತುಬಿಟ್ಟಿದ್ದಾರೆ. ಅವರ ಹಾಡಿನ ದನಿ ಇಲ್ದೆ ನಮ್ಮಲ್ಲಿ ಕ್ರಿಸ್‌ಮಸ್ ಆಗಿದ್ದೇ ಇಲ್ಲ. ನಾಟಕ ನಾಳೆ ಸಂಜೆ."

"ನಡಿ ಸಂಧ್ಯಾ," ಎಂದರು ಮೇಡಂ.

ಚರ್ಚಿನ ಅಂಗಳದಲ್ಲಿ ಹಬ್ಬದ ಗದ್ದಲವಿತ್ತು. ಹೆಂಗಸರು ಹಬ್ಬದ ಸಿಹಿತಿಂಡಿ ಕಲ್‌ಕಲ್ ಕರಿಯುತ್ತಿದ್ದರು. ಶನಿವಾರವೂ ಗೇಟಿಗೆ ನಕ್ಷತ್ರ ಕಟ್ಟುತ್ತ ಎಲ್ಲರೂ ಅಲ್ಲೇ ಇದ್ದರಂತೆ. ಅಷ್ಟು ದೊಡ್ಡ ವಸ್ತು ಹೊತ್ತು ಹೊರಗೆ ಹೋದವರನ್ನು ಯಾರೂ ಕಂಡಿಲ್ಲ.

ಪಕ್ಕದ ಕೋಣೆಯ ನೆಲದ ಮೇಲೆ ಮೇಡಂ ಬಗ್ಗಿ ಒಂದು ಸಣ್ಣ ನಟ್ ಎತ್ತಿಕೊಂಡರು.

"ಕೊಂಬಿಗೆ ಬಿಗಿದಿದ್ದು ಇದು," ವಸಂತ್ ಗುರುತಿಸಿದ. "ಮುಖವಾಡದ ಒಳಗಡೆ ಇರತ್ತೆ, ಹೊರಗಿಂದ ಕಾಣಲ್ಲ. ತಲೆಗೆ ಚುಚ್ಚತ್ತೆ ಅಂತ ಯುವರಾಜ ದಿನಾ ನನ್ನ ಹತ್ತಿರ ಗೊಣಗ್ತಿದ್ದ."

ಯುವರಾಜ್ ಸೈತಾನನ ಪಾತ್ರಧಾರಿ. ಎತ್ತರದ ಆಳು, ಸಿನಿಮಾ ಹೀರೋನಂಥ ಮುಖ. "ಮುಖವಾಡ ಸಿಗದಿದ್ರೂ ನಾಟಕ ನಿಲ್ಲೋದು ಬೇಡ ಮೇಡಂ, ಹೇಗೋ ಸುಧಾರಿಸ್ತೀನಿ," ಎಂದ. "ಪಾಪ, ಅವನ ಕಷ್ಟ ಅವನಿಗೆ," ಎಂದು ವಸಂತ್ ನಕ್ಕ. "ಹೆಣ್ಣು ಕೊಡೋರು ಶಿವಮೊಗ್ಗದಿಂದ ನಾಟಕಕ್ಕೆ ಬರ್ತಿದ್ದಾರೆ."

ಮೂಲೆಯಲ್ಲಿ ಕಪ್ಪು ನಿಲುವಂಗಿ ಹಿಡಿದು ಕೂತಿದ್ದ ಪುಷ್ಪಾ, ನಾಟಕದ ಬಟ್ಟೆ ಹೊಲಿಯುವಾಕೆ, ಸಿಡುಕಿದಳು. "ನನ್ನ ಕಷ್ಟ ಯಾರಿಗೆ ಹೇಳ್ಲಿ? ಕಿವಿ ಮುಚ್ಚೋ ಹಾಗೆ ಕಾಲರ್ ಇಡು ಅಂದ್ರು, ಇಟ್ಟೆ. ಶನಿವಾರ ಬೆಳಿಗ್ಗೆ ಯುವರಾಜ ಬಂದು ಕತ್ತರಿಸು ಅಂದ. ಇನ್ನೂ ಬಿಚ್ಚಿ ಹೊಲೀತಾ ಇದ್ದೀನಿ, ಮಾರಾಯ್ತಿ!"

ಚರ್ಚಿನ ಒಳಗೆ ಪಾದ್ರಿಗಳು ಸಿಕ್ಕರು. ಮುಂದಿನ ಬೆಂಚಿನ ಮೇಲೆ ಹಳೆಯ ಕೀರ್ತನೆ ಪುಸ್ತಕಗಳ ರಾಶಿಯಿತ್ತು. "ನಾನು ನಿಂತು ಉಪದೇಶ ಹೇಳೋ ಪ್ರಸಂಗಪೀಠದ ಕೆಳಗಿನ ಗೂಡಿನಲ್ಲಿ ಇರ್ತಿದ್ವು. ಭಾನುವಾರ ಬಂದು ನೋಡಿದ್ರೆ ಇಲ್ಲಿವೆ. ಗುಡಿಸೋರು ತೆಗೆದಿರಬೇಕು," ಎಂದರು ಅವರು.

ಮೇಡಮ್ಮಿಗೆ ಪದಗಳ ಬೇರು ಹುಡುಕುವ ಚಟ. "ಅಯ್ಯನವರೇ, ಸೈತಾನ ಅಂದ್ರೆ ಮೂಲದಲ್ಲಿ ಏನರ್ಥ?"

"ಹೀಬ್ರೂ ಮಾತು. ಎದುರಾಳಿ ಅಂತ. ದೂರುಗಾರ ಅಂತಲೂ ಹೌದು. ದೇವರ ಸನ್ನಿಧಿಯಲ್ಲಿ ನಿಂತು ಮನುಷ್ಯರ ಮೇಲೆ ಚಾಡಿ ಹೇಳೋನು. ಕೊಂಬು ಬಾಲ ಎಲ್ಲ ಆಮೇಲೆ ಚಿತ್ರಕಾರರು ಅಂಟಿಸಿದ್ದು."

"ದೇವರಿಗೆ ಅವನು ಸರಿಸಮಾನನೋ?"

"ಎಲ್ಲಿ ಬಂತು! ಅವನನ್ನೂ ದೇವರೇ ಬೆಳಕಾಗಿ ಸೃಷ್ಟಿಸಿದ್ದು. ಕೆಡುಕು ಇನ್ನೊಬ್ಬ ದೇವರಲ್ಲ ಮೇಡಂ, ಒಳಿತೇ ದಾರಿ ತಪ್ಪಿದ್ದು."

"ತಪ್ಪದಂತೆ ಕಟ್ಟಿಹಾಕಬಹುದಿತ್ತಲ್ಲ?"

"ಕಟ್ಟಿಹಾಕಿದ್ರೆ ಪ್ರೀತಿ ಹೇಗಾಗತ್ತೆ?"

ಮೇಡಂ ತಲೆದೂಗಿದರು. ಆಮೇಲೆ, "ಮಧ್ಯಾಹ್ನ ಎಲ್ಲರನ್ನೂ ಇಲ್ಲಿ ಸೇರಿಸಿ. ದೇವರಾಜರನ್ನು ನಾನೇ ಕರೆತರ್ತೀನಿ," ಎಂದರು.

ಕರೆತರುವುದು ಸುಲಭವಾಗಲಿಲ್ಲ. ಕಾರ್ಖಾನೆಯಿಂದ ನಿವೃತ್ತರಾಗಿದ್ದ ದೇವರಾಜ್ ಜಗಲಿ ಬಿಟ್ಟು ಏಳಲೊಲ್ಲರು. "ಸೈತಾನ ಆಟದ ಸಾಮಾನಲ್ಲ ಅಂದೆ, ತಪ್ಪಾ? ಮಕ್ಕಳು ಕೊಂಬು ನೋಡಿ ಅದೇ ಕೆಡುಕು ಅಂದ್ಕೊಂಡ್ರೆ, ಕೊಂಬಿಲ್ಲದ್ದು ಬಂದಾಗ ಗುರುತು ಹಿಡೀತಾರಾ? ನಾನು ಸಿಟ್ಟಿನಲ್ಲಿ ಸುಡ್ತೀನಿ ಅಂದಿದ್ದು ಹೌದು. ಆದ್ರೆ ಕಳ್ಳ ಅನ್ನಿಸ್ಕೊಂಡೆನಲ್ಲ..."

"ಕಳ್ಳ ಯಾರು ಅಂತ ಹೇಳೋಕೇ ಕರೀತಿದ್ದೀನಿ," ಎಂದರು ಮೇಡಂ. ದೇವರಾಜ್ ಚಪ್ಪಲಿ ಮೆಟ್ಟಿದರು.

ಚರ್ಚಿನಲ್ಲಿ ಎಲ್ಲರೂ ಸೇರಿದ್ದರು. ದೇವರಾಜರನ್ನು ಕಂಡು ಗುಸುಗುಸು ಎದ್ದಿತು. ಮೇಡಂ ನೇರವಾಗಿ ಪ್ರಸಂಗಪೀಠದ ಹಿಂದೆ ಹೋಗಿ ಗೂಡಿನ ಬಾಗಿಲು ಎಳೆದರು. ಒಳಗೆ ಕೆಂಪು ಮುಖ ಹಲ್ಲು ಕಿರಿಯುತ್ತಿತ್ತು. ಪಕ್ಕದಲ್ಲಿ ಕೊಂಬು ಎರಡೂ ಜೋಪಾನವಾಗಿ ಬಟ್ಟೆಯಲ್ಲಿ ಸುತ್ತಿದ್ದವು.

"ಕರ್ತನೇ!" ಪಾದ್ರಿಗಳು ಬೆಂಚು ಹಿಡಿದುಕೊಂಡರು. "ನಿನ್ನೆ ಇದರ ಮೇಲೇ ನಿಂತು, ಸೈತಾನ ನಮ್ಮ ಹತ್ತಿರವೇ ಇದ್ದಾನೆ ಅಂತ ಪ್ರಸಂಗ ಮಾಡಿದೆನಲ್ಲ!" ಚರ್ಚೆಲ್ಲ ನಗೆಯಲ್ಲಿ ಮುಳುಗಿತು.

ನಗು ಇಳಿದ ಮೇಲೆ ಮೇಡಂ ಶುರುಮಾಡಿದರು. "ಗೇಟಿನಲ್ಲಿ ಜನ ಇದ್ರು. ಹಾಗಾಗಿ ಮುಖವಾಡ ಹೊರಗೆ ಹೋಗಿಲ್ಲ. ಪುಸ್ತಕಗಳು ಗೂಡು ಬಿಟ್ಟು ಬೆಂಚಿಗೆ ಬಂದಿದ್ವು. ಅಂದ್ರೆ ಗೂಡಿನಲ್ಲಿ ಬೇರೇನೋ ಬೇಕಿತ್ತು. ಇನ್ನು ಈ ನಟ್. ಉದ್ದನೆ ಕೊಂಬು ಗೂಡಿನೊಳಗೆ ಹಿಡಿಸದೆ ಬಿಚ್ಚಿದ್ದಾರೆ. ಸುಡೋಕೆ ಹೊರಟವರು ಕೂತು ಕೊಂಬಿನ ನಟ್ ಬಿಚ್ತಾರಾ? ಬಟ್ಟೆ ಸುತ್ತಿ ಇಡ್ತಾರಾ? ಇದನ್ನು ತೆಗೆದವರಿಗೆ ಮುಖವಾಡದ ಮೇಲೆ ದ್ವೇಷ ಇಲ್ಲ. ನಟ್ ಒಳಗಿದೆ ಅಂತ ಗೊತ್ತಿದ್ದೋರು ಇಬ್ಬರೇ, ಮಾಡಿದವನು ಮತ್ತು ತೊಟ್ಟವನು."

"ನಾನಂತೂ ಅಲ್ಲ!" ವಸಂತ್ ಹಾರಿಬಿದ್ದ.

"ನೀನಲ್ಲ. ಆ ಎತ್ತರದ ಕಾಲರ್ ಯಾಕೆ ಇಟ್ಟಿದ್ದು?"

"ಮುಖವಾಡದ ಅಂಚು ಮುಚ್ಚೋಕೆ."

"ಮುಖವಾಡ ಇಲ್ಲದಿದ್ರೆ ಅದು ಅರ್ಧ ಮುಖವನ್ನೇ ಮುಚ್ಚಿಬಿಡತ್ತೆ. ಅದನ್ನು ಕತ್ತರಿಸು ಅಂತ ಒಬ್ಬರು ಕೇಳಿದ್ದು ಶನಿವಾರ ಬೆಳಿಗ್ಗೆ. ಆ ಸಂಜೆಯ ರಿಹರ್ಸಲ್‌ನಲ್ಲೂ ಮುಖವಾಡ ಇಲ್ಲೇ ಇತ್ತು. ಅದು ಕಾಣೆಯಾಗತ್ತೆ ಅಂತ ಮೊದಲೇ ಗೊತ್ತಿದ್ದದ್ದು ಯಾರಿಗೆ, ಯುವರಾಜ್?"

ಯುವರಾಜ್ ಎದ್ದು ನಿಂತ. ಕಿವಿಯವರೆಗೂ ಕೆಂಪಾಗಿದ್ದ. "ನನಗೆ ನೋಡಿರೋ ಹುಡುಗಿ ರಕ್ಷಾ, ಅವಳ ಮನೆಯವರು ನನ್ನನ್ನು ಮೊದಲ ಸಲ ನೋಡೋದು ನಾಟಕದಲ್ಲಿ. ಕೊಂಬಿನ ಮೂತಿ ನೋಡಿ ಹೆಣ್ಣು ಕೊಡ್ತಾರಾ ಅನ್ನಿಸ್ತು. ಮುಖ ಕಾಣ್ಲಿ ಅಂತ ಆಸೆ ಆಯ್ತು. ನಾಟಕ ಆದ ಮೇಲೆ ವಾಪಸ್ ಇಡೋಣ ಅಂತಿದ್ದೆ. ಅನುಮಾನ ದೇವರಾಜಣ್ಣನ ಮೇಲೆ ಬಂದಾಗ ಬಾಯಿ ಬಿಡೋಕೆ ಧೈರ್ಯ ಆಗಲಿಲ್ಲ." ಅವನು ಹೋಗಿ ಅವರ ಕಾಲು ಹಿಡಿದ.

"ನಾನೇ ಚಂದ ಅನ್ನೋ ಜಂಬದಿಂದಲೇ ಆ ದೇವದೂತ ಬಿದ್ದದ್ದು," ಎಂದರು ಪಾದ್ರಿಗಳು. "ಇವನದು ಅದರ ಒಂದು ಚೂರು. ನಮ್ಮದು ಅದಕ್ಕಿಂತ ದೊಡ್ಡದು. ಸೈತಾನ ಅಂದ್ರೆ ದೂರುಗಾರ. ಸಾಕ್ಷಿ ಇಲ್ಲದೆ ಒಬ್ಬರ ಹಿತ್ತಿಲ ಬೂದಿ ಕೆದಕಿದಾಗ ಆ ಪಾತ್ರ ಮಾಡಿದ್ದು ಯಾರು? ಮುಖವಾಡವೇ ಬೇಕಾಗಲಿಲ್ಲ ನಮಗೆ."

ಒಬ್ಬೊಬ್ಬರಾಗಿ ಬಂದು ದೇವರಾಜರ ಕೈ ಹಿಡಿದರು. ದೇವರಾಜ್ ಯುವರಾಜನ ಕಿವಿ ಹಿಂಡಿ ಎಬ್ಬಿಸಿದರು. "ಏಳೋ ಮಾರಾಯ. ವಸಂತ, ಹೀಗೆ ಮಾಡು. ಬೀಳೋವರೆಗೂ ಇವನು ಬರೀ ಮುಖದಲ್ಲೇ ಇರ್ಲಿ. ಬಿದ್ದ ಮೇಲೆ ಕೊಂಬು ಹಾಕು."

ಮರುದಿನ ಸಂಜೆ ಹಾಗೆಯೇ ಆಯಿತು. ಕೊಂಬಿನ ಮುಖ ಬಂದಾಗ ಮಕ್ಕಳು ಚಪ್ಪಾಳೆ ತಟ್ಟಿ ನಕ್ಕರು. ಅದಕ್ಕೆ ಮೊದಲು, ಯುವರಾಜ್ ಆ ಚೆಲುವಾದ ಮುಖದಲ್ಲಿ ನಗುತ್ತ, ಮೆಲ್ಲಗೆ, "ನೀನು ದೇವರಿಗಿಂತ ಯಾವುದರಲ್ಲಿ ಕಡಿಮೆ?" ಎಂದಾಗ ಮಾತ್ರ ಎಲ್ಲರಿಗೂ ಮೈ ಜುಮ್ಮೆಂದಿತು.

ಕೊನೆಗೆ ದೇವರಾಜ್ ಎತ್ತರದ ದನಿಯಲ್ಲಿ ಹಾಡು ಎತ್ತಿಕೊಂಡರು. ಅಂಗಳವೆಲ್ಲ ಸೇರಿ ಹಾಡಿತು; ಮೇಡಂ ತಾಳ ಹಾಕಿದರು. ರೋಸ್ ಕುಕ್ಕೀಸ್ ಹಂಚುವಾಗ ರಕ್ಷಾಳ ತಂದೆ ದೇವರಾಜರನ್ನು ಪಕ್ಕಕ್ಕೆ ಕರೆದರು. "ಹಿರಿಯರೇ, ನಿಮಗೆ ಹುಡುಗ ಗೊತ್ತಲ್ಲ. ಹೇಗೆ?"

ಹತ್ತಿರವೇ ನಿಂತಿದ್ದ ಯುವರಾಜ್ ಚಹಾದ ಲೋಟ ಕೆಳಗಿಟ್ಟ.

ದೇವರಾಜ್ ಅವನನ್ನೊಮ್ಮೆ ನೋಡಿದರು. "ತಪ್ಪು ಮಾಡಿದ್ರೆ ನಾಲ್ಕು ಜನರ ಮುಂದೆ ಒಪ್ಕೊಳ್ಳೋ ಹುಡುಗ," ಎಂದರು. "ಧೈರ್ಯವಾಗಿ ಕೊಡಿ."