ಬೇರೆಯವರ ಕೈಲಿ ಬಂದ ಬಿಲ್ಲೆ

"ಆ ಹಗ್ಗ ಕೆಳಗಿಡ್ರಿ! ನನ್ನ ನಾಯಿಗೆ ಬಿಲ್ಲೆ ಐತೆ!"

ಚಿನ್ನದ ಗಣಿ ಕೂಲಿಗಳ ಸಾಲುಮನೆಗಳಿದ್ದ ಮಾರಿಕುಪ್ಪಂ ಲೈನಿನ ನಡುಬೀದಿಯಲ್ಲಿ, ನಾಯಿ ಹಿಡಿಯುವ ಗಾಡಿಗೆ ಅಡ್ಡ ನಿಂತಿದ್ದಳು ಅಮ್ಮಾಜಿ. ತೋಳಲ್ಲಿ ರೋಜಿ.

ಗಾಡಿಯ ಹಿಂದಿನಿಂದ ಖಾಕಿ ಕೋಟಿನ ಯುವಕನೊಬ್ಬ ಮುಂದೆ ಬಂದ. ಹೆಸರು ಆಂಜಿನಪ್ಪ. ಬೂದಿಕೋಟೆ ಕಡೆಯ ರೈತರ ಮನೆಯ ಹುಡುಗ. ನಾಯಿ ಲೈಸೆನ್ಸಿನ ಇನ್‌ಸ್ಪೆಕ್ಟರಾಗಿ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ.

1958ರ ಬೇಸಿಗೆ ಅದು. ಹುಚ್ಚುನಾಯಿ ಕಚ್ಚಿ ಲೈನಿನಲ್ಲಿ ಇಬ್ಬರು ಸತ್ತ ಮೇಲೆ ಹೊಸ ಕಾನೂನು ಬಂದಿತ್ತು. ಸಾಕಿದ ನಾಯಿಗೆಲ್ಲ ಲೈಸೆನ್ಸು, ಕುತ್ತಿಗೆಗೆ ನಂಬರಿನ ಹಿತ್ತಾಳೆ ಬಿಲ್ಲೆ. ಹೆಣ್ಣು ನಾಯಿಯಾದರೆ ಮರಿ ಹಾಕದಂತೆ ಆಪರೇಷನ್ ಮಾಡಿಸಿದ ಮೇಲೆಯೇ ಬಿಲ್ಲೆ! ಬಿಲ್ಲೆ ಇಲ್ಲದ ನಾಯಿ ಗಾಡಿ ಹತ್ತಬೇಕು. ಹತ್ತಿದ ನಾಯಿ ಒಂದೂ ವಾಪಸ್ಸು ಬಂದಿರಲಿಲ್ಲ.

ಆಂಜಿನಪ್ಪ ಬಗ್ಗಿ, ರೋಜಿಯ ಕುತ್ತಿಗೆಯ ಬಿಲ್ಲೆ ತಿರುಗಿಸಿ ನೋಡಿದ. ರೋಜಿ ಗುರ್ರ್ ಎಂದಿತು.

"1147... ಇದು ನಮ್ಮ ಆಫೀಸಿನ ಬಿಲ್ಲೆ ಅಲ್ಲ. ಸುಳ್ಳು ಬಿಲ್ಲೆ ಕಟ್ಟಿದ್ರೆ ಕೇಸಾಯ್ತದೆ, ಗೊತ್ತಾ?"

"ಆಕ್ಕೊಳ್ರಿ ಕೇಸು! ಅದು ನಮ್ಮಪ್ಪನ ಗಣಿ ಬಿಲ್ಲೆ. ಗಣಿಗೆ ಇಳಿದೋರು... ಮೇಲೆ ಬರ್ಲೇ ಇಲ್ಲ."

ಅವನ ಕೈ ಅಲ್ಲೇ ನಿಂತಿತು.

ಅಮ್ಮಾಜಿಗೆ ಅಳು ಉಕ್ಕಿ ಬಂತು. ಇವನ ಮುಂದೆ ಅಳಬಾರದು... ಏನಾದರೂ ಆಗಲಿ, ಇವನ ಮುಂದೆ ಮಾತ್ರ ಅಳಬಾರದು!

"ರೋಜಿ ನಮ್ಮಪ್ಪ ತಂದ ಮರಿ ಸಾರ್. ನಮ್ಮಮ್ಮ ಎರಡು ವರ್ಷದಿಂದ ಆಸಿಗೆ ಬಿಟ್ಟು ಏಳೋದೇ ಇವಳಿಗೆ ಅನ್ನ ಹಾಕೋಕೆ. ಇವಳು ತಿಂದ್ರೆ ಅವಳೂ ಎರಡು ತುತ್ತು ತಿಂತಾಳೆ. ಇವಳನ್ನ ಒಯ್ದ್ರೆ ನಮ್ಮಮ್ಮನೂ ಉಳಿಯಾಕಿಲ್ಲ."

ಆಂಜಿನಪ್ಪ ಮೆಲ್ಲನೆ ಆ ಬಿಲ್ಲೆ ಬಿಚ್ಚಿದ. ಕಿತ್ತುಕೊಂಡೇಬಿಟ್ಟ ಅಂದುಕೊಂಡಳು. ಆದರೆ ಅವನು ಅದನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದ.

"ಇದನ್ನ ನಾಯಿ ಕುತ್ತಿಗೆಗೆ ಕಟ್ಬೇಡ್ರಿ. ಜೋಪಾನವಾಗಿ ಇಟ್ಕೊಳ್ಳಿ."

ಅವಳು ಕಣ್ಣೆತ್ತಿ ನೋಡಿದಳು. ಎದೆ ಯಾಕೋ ಡವಡವ ಹೊಡೆದುಕೊಂಡಿತು. ಥೂ, ನಾಯಿ ಹಿಡಿಯುವವನನ್ನು ನೋಡಿಯಾ!

"ಗಾಡಿಗೆ ಬ್ಯಾಡ. ನಾನೇ ಬಂಗಾರಪೇಟೆ ದನದಾಸ್ಪತ್ರೆಗೆ ಕರ್ಕೊಂಡೋಗಿ ಆಪರೇಷನ್ ಮಾಡಿಸ್ತೀನಿ. ಇವತ್ತು ಸೋಮವಾರ. ಶುಕ್ರವಾರ ಬಿಲ್ಲೆ ಸಮೇತ ಮನೆಗೆ ತಂದುಬಿಡ್ತೀನಿ."

"ತರ್ದಿದ್ರೆ?"

"ತತ್ತೀನಿ ಅಂದ್ನಲ್ಲ."

ಬೇರೆ ದಾರಿಯೇ ಇರಲಿಲ್ಲ. ರೋಜಿಯನ್ನು ಅವನ ಕೈಗಿಡುವಾಗ ಅಮ್ಮಾಜಿಯ ಕಣ್ಣು ಕೊನೆಗೂ ಮಾತು ಕೇಳಲಿಲ್ಲ.

* * *

ಶುಕ್ರವಾರ ಬೆಳಿಗ್ಗೆಯೇ ಅಮ್ಮ ಮುನಿಶಾಮಮ್ಮ ಎದ್ದು ಬಾಗಿಲಲ್ಲಿ ಕೂತಿದ್ದಳು. ರೋಜಿಯ ತಟ್ಟೆ ತೊಳೆದು ಪಕ್ಕದಲ್ಲಿಟ್ಟುಕೊಂಡಿದ್ದಳು.

"ಬಂದ್ನಾ ನೋಡಮ್ಮೀ..."

"ಬತ್ತಾರಮ್ಮಾ, ಬತ್ತಾರೆ." ತನಗೇ ಹೇಳಿಕೊಂಡ ಹಾಗಿತ್ತು. ಬೆಳಿಗ್ಗೆ ಎರಡು ಸಲ ತಲೆ ಬಾಚಿಕೊಂಡಿದ್ದು ಯಾಕೆ ಅಂತ ಅಮ್ಮಾಜಿಯನ್ನು ಯಾರೂ ಕೇಳಲಿಲ್ಲ, ಸದ್ಯ!

ಬಂದವಳು ಮೊಸರಿನ ಪಾಪಕ್ಕ. ದಿನಾ ಬಂಗಾರಪೇಟೆಯಿಂದ ರೈಲಲ್ಲಿ ಬಂದು ಲೈನಿಗೆ ಮೊಸರು ಹಾಕುವವಳು. ಕುಕ್ಕೆ ಇಳಿಸಿ, ಸೆರಗಿನ ಗಂಟಿನಿಂದ ಒಂದು ಪೊಟ್ಟಣ ತೆಗೆದಳು.

"ತಗಾ ಅಮ್ಮಾಜಿ. ಯಾರೋ ಖಾಕಿ ಕೋಟಿನಯ್ಯ ಬಂಗಾರಪೇಟೆ ಸ್ಟೇಷನ್ನಾಗೆ ಕೊಟ್ಟ. ಕೊಟ್ಬಿಡು, ನೋಡಿದ್ರೆ ಅವರಿಗೇ ಅರ್ಥ ಆಯ್ತದೆ ಅಂದ."

ಪೊಟ್ಟಣ ಬಿಚ್ಚಿದರೆ... ಹಿತ್ತಾಳೆ ಬಿಲ್ಲೆ.

ಚೀಟಿಯಿಲ್ಲ. ನಾಯಿಯಿಲ್ಲ. ಬರೀ ಬಿಲ್ಲೆ!

ಅರ್ಥವಾಗದೆ ಇರುತ್ತದೆಯೇ? ಆ ಲೈನಿನಲ್ಲಿ ಹಾಲು ಕುಡಿಯುವ ಮಗುವಿಗೂ ಅರ್ಥವಾಗುವ ವಿಷಯ ಅದು. ಗಣಿಗೆ ಇಳಿಯುವ ಪ್ರತಿಯೊಬ್ಬನಿಗೂ ನಂಬರಿನ ಬಿಲ್ಲೆ. ಮನುಷ್ಯ ಮೇಲೆ ಬಂದರೆ ಬಿಲ್ಲೆ ಅವನ ಜೊತೆಯಲ್ಲೇ ಮನೆಗೆ ಬರುತ್ತದೆ. ಬೇರೆಯವರ ಕೈಲಿ ಬಿಲ್ಲೆ ಬಂದರೆ ಯಾರೂ ಬಾಯಿಬಿಟ್ಟು ಏನೂ ಹೇಳಬೇಕಾಗಿಲ್ಲ.

ಎರಡು ವರ್ಷದ ಹಿಂದೆ ಅಪ್ಪ ಪೆರುಮಾಳರ ಬಿಲ್ಲೆ ಹೀಗೇ ಬಂದಿತ್ತು. ಇದೇ ಬಾಗಿಲಿಗೆ... ಹೀಗೇ ಕಾಗದದಲ್ಲಿ ಸುತ್ತಿ.

ಮುನಿಶಾಮಮ್ಮ ಬಿಲ್ಲೆ ನೋಡಿದಳು. ತೊಳೆದಿಟ್ಟ ತಟ್ಟೆಯನ್ನು ಬೋರಲು ಹಾಕಿ, ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು.

"ಮಂಗಮ್ಮತ್ತೇ! ಅಮ್ಮನ್ನ ಸ್ವಲ್ಪ ನೋಡ್ಕೋ!" ಪಕ್ಕದ ಮನೆಗೆ ಕೂಗಿದವಳೇ ಅಮ್ಮಾಜಿ ಸ್ಟೇಷನ್ನಿನ ಕಡೆ ಓಡಿದಳು.

ರೈಲು ಬಂಗಾರಪೇಟೆ ಮುಟ್ಟುವವರೆಗೂ ಬಿಲ್ಲೆಯನ್ನು ಅಂಗೈ ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ನಂಬಿದೆನಲ್ಲ... ನಾನೇ ಕೈಯಾರೆ ಕೊಟ್ಟೆನಲ್ಲ! ಅವನ ಮೆತ್ತನೆ ಮಾತಿಗೆ ಕರಗಿಹೋದೆನಲ್ಲ!

* * *

ದನದಾಸ್ಪತ್ರೆಯ ಜಗಲಿಯಲ್ಲಿ ಆಂಜಿನಪ್ಪ ಕೂತಿದ್ದ. ಕೆದರಿದ ಕೂದಲು, ಮಾಸಿದ ಕೋಟು. ಅವಳನ್ನು ಕಂಡಿದ್ದೇ ಮುಖ ಅರಳಿಸಿಕೊಂಡು ಎದ್ದ.

ಬಿಲ್ಲೆ ಅವನ ಎದೆಗೆ ಬಡಿದು ಕೆಳಗೆ ಬಿತ್ತು.

"ಸಾಯ್ಸಿಬಿಟ್ರಲ್ಲ! ಬಂದು ಮುಖ ತೋರ್ಸೋಕೂ ಧೈರ್ಯ ಇಲ್ದೆ ಬಿಲ್ಲೆ ಕಳ್ಸಿದ್ರಾ?"

"ಸಾಯ್ಸಿದ್ನಾ? ಯಾರನ್ನ?"

"ಇನ್ಯಾರನ್ನ! ನಮ್ಮ ರೋಜಿ..."

ಒಳಗಿನಿಂದ ಒಂದು ಸಣ್ಣ ದನಿ ಕೇಳಿತು. ಕುಂಯ್ಯ್...

ಅವಳು ಅವನನ್ನು ತಳ್ಳಿಕೊಂಡೇ ಒಳಗೆ ನುಗ್ಗಿದಳು. ಮೂಲೆಯಲ್ಲಿ ಗೋಣಿಚೀಲದ ಮೇಲೆ, ಹೊಟ್ಟೆಗೆ ಬಟ್ಟೆಯ ಪಟ್ಟಿ ಕಟ್ಟಿಸಿಕೊಂಡು ರೋಜಿ ಮಲಗಿತ್ತು. ಅವಳನ್ನು ನೋಡಿ ಬಾಲವನ್ನು ಪಟಪಟ ನೆಲಕ್ಕೆ ಬಡಿಯಿತು.

"ರೋಜೀ! ನನ್ನ ತಾಯೀ..."

ಅಮ್ಮಾಜಿ ಅಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪ ಹೋದಾಗ ಅಮ್ಮನಿಗೋಸ್ಕರ ತಡೆದುಕೊಂಡಿದ್ದ ಅಳುವೂ ಅದರಲ್ಲಿ ಸೇರಿತ್ತು.

ಆಂಜಿನಪ್ಪನಿಗೆ ದಿಕ್ಕೇ ತೋಚಲಿಲ್ಲ. "ಒಲಿಗೆ ಇನ್ನೂ ಒಣಗಿಲ್ಲ, ಎರಡು ದಿನ ಇರ್ಲಿ ಅಂದ್ರು ಡಾಕ್ಟ್ರು. ಇವಳು ನನ್ನ ಕೈಲಿ ಬಿಟ್ರೆ ಯಾರ ಕೈಲೂ ತಿಂತಿರ್ಲಿಲ್ಲ, ಬಿಟ್ಟು ಬರೋಕಾಗ್ಲಿಲ್ಲ. ಶುಕ್ರವಾರ ಅಂತ ಮಾತು ಕೊಟ್ಟಿದ್ನಲ್ಲ... ಬಿಲ್ಲೆ ನೋಡಿದ್ರೆ ಕೆಲಸ ಆಯ್ತು ಅಂತ ಸಂತೋಷಪಡ್ತೀರಿ ಅಂದ್ಕೊಂಡೆ."

ಅವಳು ಕಣ್ಣೊರೆಸಿಕೊಂಡು, ಬಿಲ್ಲೆ ಬೇರೆಯವರ ಕೈಲಿ ಬಂದರೆ ಲೈನಿನಲ್ಲಿ ಏನರ್ಥ ಅನ್ನುವುದನ್ನು ಹೇಳಿದಳು. ಅಪ್ಪನ ಬಿಲ್ಲೆ ಬಂದ ದಿನವನ್ನೂ, ಅಮ್ಮ ತಟ್ಟೆ ಬೋರಲು ಹಾಕಿ ಮಲಗಿದ್ದನ್ನೂ ಹೇಳಿದಳು.

ಅವನ ಮುಖದ ಬಣ್ಣವೇ ಇಳಿದುಹೋಯಿತು. "ಅಯ್ಯೋ ದ್ಯಾವ್ರೆ... ನಾನು ಒಲದಾಗೆ ಬೆಳೆದೋನು. ನನಗೆ ಗೊತ್ತಿರ್ಲಿಲ್ಲ... ಆಣೆಗೂ ಗೊತ್ತಿರ್ಲಿಲ್ಲ!"

"ಒಂದು ಚೀಟಿ ಬರೀಬಾರ್ದಿತ್ತಾ?"

"ಬರ್ದೆ. ನಾಕು ಸಲ ಬರ್ದು ಅರ್ದಾಕ್ದೆ."

"ಯಾಕೆ?"

ಅವನು ತಲೆ ತಗ್ಗಿಸಿದ. "ರೋಜಿ ಚೆನ್ನಾಗವ್ಳೆ ಅಂತ ಶುರು ಮಾಡ್ತಿದ್ದೆ. ಎರಡನೇ ಸಾಲಿಗೇ ನಿಮ್ಮ ವಿಷಯ ಬಂದುಬಿಡ್ತಿತ್ತು. ಗಾಡಿಗೆ ಅಡ್ಡ ನಿಂತ ಆ ಮುಖ... ಸೋಮವಾರದಿಂದ ಕಣ್ಣಿಂದ ಓಗ್ತಾನೇ ಇಲ್ಲ."

ಅಮ್ಮಾಜಿಯ ಕೆನ್ನೆ ಬಿಸಿಯಾಯಿತು. ಎದೆ ಹೊಡೆದುಕೊಳ್ಳುವುದು ಇವನಿಗೂ ಕೇಳಿಸುತ್ತಿದೆಯೋ ಏನೋ! ಪಕ್ಕದ ತಟ್ಟೆಯಲ್ಲಿದ್ದ ಬನ್ನನ್ನು ಮುರಿದು ರೋಜಿಯ ಬಾಯಿಗಿಟ್ಟಳು. ರೋಜಿ ಚೂರೂ ಬಿಡದೆ ತಿಂದಿತು.

ಅವನು ಹೊರಗೆ ಹೋಗಿ, ಬಿದ್ದಿದ್ದ ಬಿಲ್ಲೆ ಹುಡುಕಿ ತಂದು ಅವಳ ಮುಂದೆ ಹಿಡಿದ. ಅಮ್ಮಾಜಿ ಅದನ್ನು ಅವನ ಕೈಯಿಂದಲೇ ತೆಗೆದುಕೊಂಡು ರೋಜಿಯ ಕುತ್ತಿಗೆಗೆ ಕಟ್ಟಿದಳು.

ಆಮೇಲೆ, ಅವನ ಕಡೆ ತಿರುಗದೆಯೇ ಹೇಳಿದಳು.

"ಇನ್ಮೇಲೆ ನಮ್ಮನೆಗೆ ಯಾರ ಕೈಲೂ ಏನೂ ಕಳ್ಸ್‌ಬೇಡಿ."

"ಇಲ್ಲ. ಕಳ್ಸಾಕಿಲ್ಲ." ಅವನ ದನಿ ಸೋತಿತ್ತು.

"ನೀವೇ ಬನ್ನಿ."

ಕೇಳಿದ್ದು ನಿಜವೇ? ಆಂಜಿನಪ್ಪ ಗಡಬಡಿಸಿ ಕೋಟಿನ ಗುಂಡಿ ಹಾಕಿಕೊಂಡ.

"ಅಂಗಾರೆ ಈಗ್ಲೇ ನಡೀರಿ. ಅಲ್ಲಿ ಅಮ್ಮ ಸಂಕಟಪಡ್ತಾ ಅವ್ರೆ. ಇವಳ ಒಟ್ಟೆ ತುಂಬೈತೆ, ಸಾಯಂಕಾಲದ ರೈಲಿಗೆ ವಾಪಸ್ ಬತ್ತೀನಿ."

"ಬಂದು ಅಮ್ಮನಿಗೆ ಏನಂತೀರಿ?"

"ರೋಜಿ ಬದುಕವ್ಳೆ ಅಂತೀನಿ."

"ಅಷ್ಟೇನಾ?"

ಅವನು ನಕ್ಕ. ಅವಳು ನೋಡಿದ ಅವನ ಮೊದಲ ನಗು.

"ಮಿಕ್ಕಿದ್ದು ಎಂಗೆ ಕೇಳ್ಬೇಕು ಅಂತ ರೈಲಲ್ಲಿ ನೀನೇ ಏಳ್ಕೊಡು, ಅಮ್ಮಾಜಿ."