ಹಳೆ ಎಣ್ಣೆಗೆ ಒಂದು ಪಂಪು

ತಮ್ಮ ಸತ್ತದ್ದಕ್ಕಿಂತ ಅವನನ್ನು ಕಳ್ಳ ಎಂದು ಬರೆಸಿದ್ದು ಅಂಬಣ್ಣನನ್ನು ಹೆಚ್ಚು ಸುಡುತ್ತಿತ್ತು.

ಆ ತಮ್ಮ ಕಿರಣಕುಮಾರ ಗರುಡಾಚಾರ್‌ಪಾಳ್ಯದ ಮುನಿಆಂಜನಪ್ಪನ ಶೆಡ್ಡಿನಲ್ಲಿ ಎಂಟು ತಿಂಗಳು ದುಡಿದಿದ್ದ. ಗ್ಯಾರೇಜುಗಳಿಂದ ಡ್ರಮ್ಮುಗಟ್ಟಲೆ ಬರುವ ಸುಟ್ಟ ಇಂಜಿನ್ ಆಯಿಲನ್ನು ನೆಲದಡಿಯ ತೊಟ್ಟಿಗೆ ಸುರಿದು, ಕಾಯಿಸಿ, ಸೋಸಿ, ಕಾಂಕ್ರೀಟಿನ ಸೆಂಟ್ರಿಂಗ್ ಹಲಗೆಗೆ ಬಳಿಯುವವರಿಗೂ ಫರ್ನೇಸಿನವರಿಗೂ ಮಾರುವುದು ಅಲ್ಲಿಯ ಕಸುಬು. 1997ರ ಬೇಸಿಗೆಯ ಒಂದು ಮಧ್ಯಾಹ್ನ ತೊಟ್ಟಿಯ ತಳದ ಕೆಸರು ಬಳಿಯಲು ಅವನನ್ನು ಇಳಿಸಿದರು. ಒಳಗಿನ ಕೆಟ್ಟ ಗಾಳಿ ಅವನನ್ನು ಮೇಲೆ ಬರಗೊಡಲಿಲ್ಲ. ಪೊಲೀಸರ ಮುಂದೆ ಮುನಿಆಂಜನಪ್ಪ ಬರೆಸಿದ್ದೇ ಬೇರೆ: ಇವನು ನಮ್ಮ ಕೆಲಸದವನಲ್ಲ, ಎಣ್ಣೆ ಕದಿಯಲು ಬಂದು ಬಿದ್ದು ಸತ್ತಿದ್ದಾನೆ. ಸುರಪುರದಿಂದ ಬಂದ ಸೋದರಮಾವ ಓದು ಬರದವನು. ಆ ಮಾತಿನ ಕೆಳಗೇ ಹೆಬ್ಬೆಟ್ಟು ಒತ್ತಿ ಹೆಣ ತೆಗೆದುಕೊಂಡು ಹೋದ.

ಸೊಲ್ಲಾಪುರದಲ್ಲಿ ಲೇತ್ ಕೆಲಸ ಮಾಡುತ್ತಿದ್ದ ಅಂಬಣ್ಣ ಊರು ಮುಟ್ಟುವ ಹೊತ್ತಿಗೆ ಮಣ್ಣು ಮುಗಿದಿತ್ತು. ಆ ಕಾಗದದ ನಕಲನ್ನು ಅವನು ಎಷ್ಟು ಸಲ ಓದಿದನೋ. ತಿಂಗಳೊಪ್ಪತ್ತಿನಲ್ಲಿ ತಾಯಿ ಅಮೃತಮ್ಮನನ್ನು ಕರೆದುಕೊಂಡು ಗರುಡಾಚಾರ್‌ಪಾಳ್ಯಕ್ಕೇ ಬಂದು ಬಾಡಿಗೆ ಕೋಣೆ ಹಿಡಿದ. ಅದೇ ಶೆಡ್ಡಿಗೆ ಫಿಟ್ಟರಾಗಿ ಸೇರಿದ. ಅವನು ಯಾರ ಅಣ್ಣ ಎಂದು ಯಾರೂ ಕೇಳಲಿಲ್ಲ. ಮುನಿಆಂಜನಪ್ಪನಿಗೆ ಗುಲ್ಬರ್ಗ ಕಡೆಯವರೆಲ್ಲ ಒಂದೇ.

ಒಂದೂವರೆ ವರ್ಷ ಅಂಬಣ್ಣ ಸುಮ್ಮನೆ ದುಡಿದ. ಚಾಕು, ರಿಂಗ್ ರೋಡಿನ ಲಾರಿ, ಊಟದಲ್ಲಿ ಬೆರೆಸುವ ಪುಡಿ, ಎಲ್ಲವನ್ನೂ ಮನಸ್ಸಿನಲ್ಲೇ ತೂಗಿ ಬದಿಗಿಟ್ಟ. ಅವೆಲ್ಲ ಸಿಕ್ಕಿಬೀಳುವವರ ಕೆಲಸ. ಕೈ ಹಾಕಿದ್ದು ಕಾಣಬಾರದು. ಕಿರಣನ ಸಾವಿನಂತೆಯೇ ಅದೂ ‘ಆಕಸ್ಮಿಕ’ ಎಂದು ಬರೆಯುವಂತಿರಬೇಕು.

ಆ ದಾರಿಯನ್ನು ಮುನಿಆಂಜನಪ್ಪನೇ ತೆರೆದುಕೊಟ್ಟ. 1999ರ ಜನವರಿಯಲ್ಲಿ ಶೆಡ್ಡಿನ ಹಳೆಯ ಪಂಪು ಕೆಟ್ಟು ಕೂತಾಗ ಅದನ್ನು ಕಾಲಲ್ಲಿ ಒದ್ದು, “ಇದರ ಕತೆ ಮುಗೀತು ಕಣಯ್ಯ. ಹೋಗಿ ಒಂದು ಒಳ್ಳೆ ಪಂಪು ನೋಡ್ಕೊಂಡ್ ಬಾ. ನಿಂಗೇ ಬಿಟ್ಟಿದ್ದೀನಿ,” ಎಂದ.

ಅಂಬಣ್ಣ ಶಿವಾಜಿನಗರಕ್ಕೆ ಹೋದ. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಫಹ್ಮಿದಾಳ ಪಂಪಿನ ಅಂಗಡಿ. ಗಂಡ ಹೋದಮೇಲೆ ಅಂಗಡಿ ಆಕೆಯದೇ. ಯಂತ್ರದ ವಿಷಯದಲ್ಲಿ ಆಕೆಯನ್ನು ಯಾಮಾರಿಸುವುದು ಯಾರಿಂದಲೂ ಆಗದು.

“ಯಾವ ಎಣ್ಣೆ ಭಾಯ್? ಹೊಸದಾ, ಸುಟ್ಟಿದ್ದಾ?”

“ಸುಟ್ಟಿದ್ದು. ತೊಟ್ಟಿಯಿಂದ ಎತ್ಬೇಕು, ಫಿಲ್ಟರ್ ದಾಟಿಸ್ಬೇಕು.”

“ಹಾಗಾದ್ರೆ ನೀರಿನ ಪಂಪ್ ಮರ್ತ್‌ಬಿಡಿ. ದಪ್ಪ ಎಣ್ಣೆ ಬಂದ್ರೆ ಅದು ಸುಮ್ನೆ ತಿರುಗ್ತಾ ಇರುತ್ತೆ, ಎತ್ತಲ್ಲ. ಇಲ್ನೋಡಿ, ಇದು ಗಾಳಿಲಿ ಓಡೋ ಡಯಾಫ್ರಾಮ್. ಕೆಸರು ಬಂದ್ರೂ ಫಿಕರಿಲ್ಲ. ಮುಂದೆ ದಾರಿ ಕಟ್ಟಿದ್ರೆ ತಾನೇ ನಿಂತ್‌ಬಿಡುತ್ತೆ. ಕಂಪ್ರೆಸರ್ ಒಂದ್ ಬೇಕು, ಅಷ್ಟೇ.”

ತಾನಾಗಿ ನಿಲ್ಲುವ ಪಂಪು ಅಂಬಣ್ಣನಿಗೆ ಬೇಕಿರಲಿಲ್ಲ. ಅವನ ಕಣ್ಣು ಮೂಲೆಯಲ್ಲಿದ್ದ ಗಟ್ಟಿ ಎರಕದ ಗೇರ್ ಪಂಪಿನ ಮೇಲಿತ್ತು.

“ಅದೂ ಒಳ್ಳೇದೇ,” ಎಂದಳು ಫಹ್ಮಿದಾ. “ಎರಡು ಹಲ್ಲಿನ ಚಕ್ರ. ಹಲ್ಲಿನ ಸಂದಿಲಿ ಎಣ್ಣೆ ಹಿಡ್ಕೊಂಡು ತಳ್ಳುತ್ತೆ. ಸ್ಪೀಡ್ ಕಮ್ಮಿ ಇಡಿ, ಎಳೆಯೋ ಕಡೆ ಜಾಲರಿ ಹಾಕಿ, ಇಲ್ದಿದ್ರೆ ಕಬ್ಬಿಣದ ಚೂರು ಹಲ್ಲು ತಿಂದ್‌ಬಿಡುತ್ತೆ. ಆದ್ರೆ ಇದು ಭಾರೀ ಹಟಮಾರಿ. ಫಿಲ್ಟರ್ ಕಟ್ಟಿದ್ರೂ ತಳ್ಳೋದ್ ಬಿಡಲ್ಲ. ಅದಕ್ಕೇ ತಲೆ ಮೇಲೆ ಈ ರಿಲೀಫ್ ವಾಲ್ವ್. ಒತ್ತಡ ಮೀರಿದ್ರೆ ಎಣ್ಣೆನ ವಾಪಸ್ ಒಳಗೇ ತಿರುಗಿಸುತ್ತೆ. ಇದನ್ನ ಮಾತ್ರ ಮುಟ್‌ಬೇಡಿ. ಜಾನ್ ಹೋಗುತ್ತೆ, ಪ್ರಾಣಾನೇ ಹೋಗುತ್ತೆ.”

ಅಂಬಣ್ಣನಿಗೆ ಇದೆಲ್ಲ ಗೊತ್ತಿದ್ದದ್ದೇ. ಆ ಗೇರ್ ಪಂಪಿಗೇ ಬಿಲ್ಲು ಮಾಡಿಸಿದ.

ಪಂಪನ್ನು ಕೂರಿಸಿದ ದಿನವೇ, ಎಣ್ಣೆ ಹರಿಸುವ ಮೊದಲೇ, ಅವನು ತಲೆಯ ಮೇಲಿನ ಮುಚ್ಚಳ ಬಿಚ್ಚಿ ವಾಲ್ವಿನ ಸ್ಪ್ರಿಂಗನ್ನೂ ಬಿಲ್ಲೆಯನ್ನೂ ಹೊರತೆಗೆದ. ಆ ಜಾಗಕ್ಕೆ ಸರಿಯಾಗಿ ಕೂರುವ ಗಟ್ಟಿ ಕಬ್ಬಿಣದ ತುಂಡೊಂದನ್ನು ಲೇತಿನಲ್ಲಿ ತಾನೇ ಕಡೆದು ತಂದಿದ್ದ. ಮುಚ್ಚಳ ಮತ್ತೆ ಬಿಗಿದಮೇಲೆ ಹೊರಗಿನಿಂದ ಯಾವ ವ್ಯತ್ಯಾಸವೂ ಇಲ್ಲ. ತೆಗೆದ ಭಾಗಗಳನ್ನು ಕಾಗದದಲ್ಲಿ ಸುತ್ತಿ, ತನ್ನ ಬೀಗದ ಪೆಟ್ಟಿಗೆಯಲ್ಲಿ ಇಟ್ಟ.

ಪಂಪಿನ ಆಚೆಗೆ ಫಿಲ್ಟರಿನ ಹಂಡೆ. ಹತ್ತು ವರ್ಷ ಹಳೆಯದು, ಹೊಲಿಗೆ ಹೊಲಿಗೆಗೂ ವೆಲ್ಡಿಂಗ್ ತೇಪೆ, ಒತ್ತಡ ತೋರಿಸುವ ಮುಳ್ಳು ಎಂದೋ ಅಂಟಿಕೊಂಡಿತ್ತು. “ಹೊಸದು ತರ್ಸೋಣ ಸಾರ್,” ಎಂದು ಎಲ್ಲರ ಎದುರಿಗೆ ಅಂಬಣ್ಣ ಎರಡು ಸಲ ಹೇಳಿದ. “ಇರ್ಲಿ ಬಿಡಯ್ಯ, ಇನ್ನೊಂದ್ ವರ್ಷ ಓಡುತ್ತೆ,” ಎಂದು ಮುನಿಆಂಜನಪ್ಪ ಎಲ್ಲರ ಎದುರಿಗೆ ಎರಡು ಸಲ ಉತ್ತರ ಕೊಟ್ಟ. ಅಷ್ಟು ಸಾಕಾಗಿತ್ತು.

ಆ ಹಂಡೆಯ ಪಕ್ಕದಲ್ಲಿ ಗಾಜಿನ ಕೊಳವೆ. ದಿನಾ ಹನ್ನೊಂದಕ್ಕೆ ಮುನಿಆಂಜನಪ್ಪ ಅಲ್ಲಿ ಬಗ್ಗಿ, ಸೋಸಿ ಬರುವ ಎಣ್ಣೆಯ ಬಣ್ಣ ನೋಡುತ್ತಿದ್ದ. ಅಂಬಣ್ಣ ನಾಲ್ಕು ತಿಂಗಳು ಕಾದ. ಪ್ರತಿ ಶನಿವಾರ ತಪ್ಪದೆ ಫಿಲ್ಟರ್ ಬದಲಿಸಿ ಪಂಪನ್ನು ಹೂವಿನಂತೆ ಓಡಿಸಿದ. ‘ಅಂಬಣ್ಣ ತಂದ ಪಂಪು’ ಎಂದು ಶೆಡ್ಡಿನಲ್ಲಿ ಹೆಸರಾಯಿತು.

ಆ ನಾಲ್ಕು ತಿಂಗಳಲ್ಲಿ ಎರಡು ಸಂಗತಿ ಅವನ ನಿದ್ದೆ ಕೆಡಿಸಿದವು. ಒಂದು, ಮನೆಯಲ್ಲಿ ತಾಯಿ ಆಡುವ ಮಾತು. ಅವನು ಕೆಲಸದಿಂದ ಬಂದಕೂಡಲೇ ಆಕೆ ಬಾಗಿಲ ಕಡೆ ನೋಡುತ್ತಿದ್ದಳು.

“ಕಿರಣ್ಯಾ ಬಂದಾನಪಾ. ಎಣ್ಣಿ ವಾಸನಿ ಹೊಡ್ಯಾಕತ್ತೈತಿ. ಒಳಗ ಬಾ ಅಂದ್ರ ಬರವಲ್ಲ.”

“ಆ ವಾಸನಿ ನನ್ನ ಅಂಗಿದವ್ವ.”

“ನಿನ್ನ ವಾಸನಿ ನನಗ ಗೊತ್ತಿಲ್ಲೇನು?” ಎಂದು ಆಕೆ ಹೊಸ್ತಿಲ ಬಳಿ ಒಂದು ಚೊಂಬು ನೀರಿಡುತ್ತಿದ್ದಳು.

ಇನ್ನೊಂದು, ಅಮಾವಾಸ್ಯೆಯಂದು ಮುನಿಆಂಜನಪ್ಪ ತೊಟ್ಟಿಯ ಮುಚ್ಚಳದ ಮೇಲೆ ಕಾಯಿ ಒಡೆದು, ಒಂದು ಹಿಡಿ ಹೂ ಇಟ್ಟು, ಯಾರನ್ನೂ ನೋಡದೆ ಹೋಗುತ್ತಿದ್ದುದು. ಭಯ ಇದ್ದವನು ಭೂತಕ್ಕೆ ಲಂಚ ಕೊಡುತ್ತಿದ್ದಾನೆ ಎಂದು ಅಂಬಣ್ಣ ಹಲ್ಲು ಕಚ್ಚಿದ. ಹಾಗಿದ್ದರೂ ಎಣ್ಣೆ ಖಾಲಿಯಾದ ತೊಟ್ಟಿಯೊಳಗಿಂದ ಯಾರೋ ಬೆರಳಗಂಟಿನಿಂದ ತಟ್ಟಿದಂತೆ ಅವನಿಗೂ ಕೇಳಿಸುತ್ತಿತ್ತು. ಕಬ್ಬಿಣ ತಣಿಯುವ ಸದ್ದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಮೇ ತಿಂಗಳ ಒಂದು ಶುಕ್ರವಾರವನ್ನು ಆರಿಸಿಕೊಂಡ. ವಾರವಿಡೀ ದುಡಿದ ಫಿಲ್ಟರಿಗೆ ತೊಟ್ಟಿಯ ತಳದ ಕೆಸರನ್ನೂ ಕುಡಿಸಿದ. ಉಳಿದ ಇಬ್ಬರು ಆಳುಗಳನ್ನು ಹೊರಗೆ ಡ್ರಮ್ಮು ಏರಿಸಲು ಕಳಿಸಿದ. ಎಣ್ಣೆ ಕುದಿಯುವಷ್ಟು ಕಾದಿತ್ತು. ಹನ್ನೊಂದಕ್ಕೆ ಮುನಿಆಂಜನಪ್ಪನ ಚಪ್ಪಲಿಯ ಸದ್ದು ಕೇಳಿದಾಗ ಸ್ವಿಚ್ ಒತ್ತಿ ಎರಡು ಹೆಜ್ಜೆ ಹಿಂದೆ, ಕಂಬದ ಮರೆಗೆ ಸರಿದ.

ಮುನಿಆಂಜನಪ್ಪ ಗಾಜಿನ ಹತ್ತಿರ ಬಗ್ಗಿದ. ಎಣ್ಣೆ ಬರುತ್ತಿರಲಿಲ್ಲ. ಪಂಪಿನ ದನಿ ಗಡುಸಾಗುತ್ತ ಹೋಯಿತು. ಅವನ ಗಮನ ಅಲ್ಲಿರಲಿಲ್ಲ.

“ಅಂಬಣ್ಣ, ಸುರಪುರ ನಿಮ್ ಕಡೇನೇ ಅಲ್ವಾ?”

“ಹೌದು ಸಾರ್.”

“ಅಲ್ಲಿಂದ ಒಬ್ಬ ಬಂದಿದ್ದ. ಕಿರಣ ಅಂತ. ಈ ತೊಟ್ಟಿಗೆ ನಾನೇ ಇಳ್ಸಿದ್ದು. ಸತ್ತೋದ. ಹೆದರಿ ಕಳ್ಳ ಅಂತ ಬರ್ಸ್‌ಬಿಟ್ಟೆ ಕಣಯ್ಯ.” ಮುನಿಆಂಜನಪ್ಪ ಹೆಗಲ ಟವಲಿನಿಂದ ಮುಖ ಒರೆಸಿಕೊಂಡ. “ಅವತ್ತಿಂದ ಕಣ್ ಮುಚ್ಚಿದ್ರೆ ಮುಂದೆ ಬಂದ್ ನಿಂತ್ಕೋತಾನೆ. ಅವನ ತಾಯಿ ಬದುಕಿದ್ರೆ ಹುಡುಕ್ಕೊಡು. ಸೋಮವಾರ ಸ್ಟೇಷನ್‌ಗೆ ಹೋಗಿ ನಿಜ ಬರ್ಸ್‌ಬಿಡ್ತೀನಿ. ಜೈಲಾದ್ರೂ ಆಗ್ಲಿ.”

ಅಂಬಣ್ಣನಿಗೆ ಬೇಕಿದ್ದದ್ದು ಅದೊಂದೇ ಮಾತು. ಎರಡು ವರ್ಷದಿಂದ ಬೇಕಿದ್ದದ್ದು. ಸ್ವಿಚ್ಚು ಎರಡು ಹೆಜ್ಜೆ ದೂರ. ತಾನು ಕೈ ಚಾಚಿದೆನೋ ಇಲ್ಲವೋ ಎಂಬುದು ಮುಂದೆ ಎಂದೂ ಅವನಿಗೆ ನಿಶ್ಚಯವಾಗಲಿಲ್ಲ. ಹಂಡೆಯ ಹೊಲಿಗೆ ಬಿಟ್ಟಿತು. ಸಿಡಿದ ಮುಚ್ಚಳ ಮುನಿಆಂಜನಪ್ಪನನ್ನು ಕೆಡವಿತು. ಅವನು ಬಿದ್ದಲ್ಲಿಗೇ ಎಣ್ಣೆ ಸುರಿಯಿತು.

ಆಳುಗಳು ಓಡಿಬಂದು ಅವನನ್ನು ಟೆಂಪೋದಲ್ಲಿ ಹಾಕಿಕೊಂಡು ಕೆ.ಆರ್. ಪುರದ ಕಡೆ ಧಾವಿಸಿದರು. ಬದುಕಲಾರ ಎಂಬುದು ನೋಡಿದವರಿಗೆಲ್ಲ ತಿಳಿದಿತ್ತು. “ನೀವ್ ನಡೀರಿ, ನಾನು ಕರೆಂಟ್ ತೆಗೆದು ಬರ್ತೀನಿ,” ಎಂದು ಅಂಬಣ್ಣ ಹಿಂದೆ ಉಳಿದ. ಕೆಲಸ ಮರೆಯಲಿಲ್ಲ. ಹತ್ತೇ ನಿಮಿಷ. ಪಂಪಿನ ಮುಚ್ಚಳ ಬಿಚ್ಚಿ ಕಬ್ಬಿಣದ ತುಂಡು ಹೊರತೆಗೆದು ತೊಟ್ಟಿಗೆ ಹಾಕಿದ. ಅದು ತಳ ಮುಟ್ಟುವವರೆಗೆ ಕಿವಿಗೊಟ್ಟು ನಿಂತ, ಸದ್ದೇ ಬರಲಿಲ್ಲ. ನಿಜವಾದ ಸ್ಪ್ರಿಂಗು ಬಿಲ್ಲೆಗಳನ್ನು ತಮ್ಮ ಜಾಗಕ್ಕೆ ಕೂರಿಸಿ ಮುಚ್ಚಳ ಬಿಗಿದ.

ಅವತ್ತು ಮನೆಗೆ ಹೋದಾಗ ಅಮೃತಮ್ಮ ಹೊಸ್ತಿಲ ಬಳಿ ಎರಡು ಚೊಂಬು ನೀರಿಟ್ಟಿದ್ದಳು.

“ಎರಡ್ಯಾಕವ್ವ?”

“ಇವತ್ತ ಇಬ್ರು ಬಂದಾರ. ಕಿರಣ್ಯಾನ ಹಿಂದ ಯಾರೋ ದಪ್ಪ ಮನಿಶ್ಯಾ. ಹೆಗಲಮ್ಯಾಲ ಟವಲ್ ಹಾಕ್ಯಾನ.”

ಆಕೆ ಮುನಿಆಂಜನಪ್ಪನನ್ನು ಕಂಡವಳೇ ಅಲ್ಲ. ಅಂಬಣ್ಣ ಉಣ್ಣದೆ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಕಿರಣ ಕಳ್ಳನಲ್ಲ ಎಂದು ಹೇಳಬಲ್ಲ ಬಾಯಿ ಲೋಕದಲ್ಲಿ ಒಂದೇ ಒಂದಿತ್ತು. ಅದನ್ನು ತಾನೇ ಮುಚ್ಚಿಸಿದ್ದ.

ಸೋಮವಾರ ಬೆಳಿಗ್ಗೆ ಕಾರ್ಖಾನೆ ಇಲಾಖೆಯಿಂದ ಸಿದ್ಧಲಿಂಗೇಶ ಎಂಬ ಅಧಿಕಾರಿ ಮುನಿಆಂಜನಪ್ಪನ ಸಾವಿನ ತನಿಖೆಗೆ ಬಂದರು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಹಂಡೆಯ ಹರಿದ ಹೊಲಿಗೆ ನೋಡಿದರು, ಅಂಟಿದ ಮುಳ್ಳು ನೋಡಿದರು, ಹೊಸ ಹಂಡೆ ಬೇಡ ಎಂದದ್ದು ಯಜಮಾನರೇ ಎಂದು ಆಳುಗಳು ಹೇಳಿದ್ದನ್ನು ಬರೆದುಕೊಂಡರು. “ಪಂಪಿಗೆ ವಾಲ್ವ್ ಇದ್ಯಲ್ಲ, ಅದು ತೆರೆಯೋ ಒತ್ತಡಕ್ಕಿಂತ ಮೊದ್ಲೇ ಹಂಡೆ ಒಡೆದಿದೆ. ಅಷ್ಟು ಕೊಳೆತಿತ್ತು,” ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತ ಪೆನ್ನಿನ ಮುಚ್ಚಳ ಹಾಕಿದರು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಅನುಮಾನದ ಒಂದು ಎಳೆಯೂ ಉಳಿಯಬಾರದು ಎಂಬುದು ಅಂಬಣ್ಣನ ಲೆಕ್ಕ.

“ವಾಲ್ವೂ ಬಿಚ್ಚಿ ತೋರಿಸ್ಲಾ ಸಾರ್? ಸರಿಯಾಗೈತೆ, ನೀವೇ ನೋಡ್ಬಿಡಿ.”

“ತೋರ್ಸಿ,” ಎಂದರು ಸಿದ್ಧಲಿಂಗೇಶ. ಅಂಬಣ್ಣ ಮುಚ್ಚಳ ಬಿಚ್ಚಿ, ಸ್ಪ್ರಿಂಗು ಬಿಲ್ಲೆಗಳನ್ನು ಅವರ ಅಂಗೈಯಲ್ಲಿಟ್ಟ. ಬಿಲ್ಲೆಯ ಮುಖದಲ್ಲಿ ಒಂದಿಷ್ಟು ಮಸಿ ಹತ್ತಿತ್ತು. ಅವರು ಸ್ಪ್ರಿಂಗನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಎರಡು ಸುರುಳಿಗಳನ್ನು ಅಗಲಿಸಿ, ಕರವಸ್ತ್ರದ ಮೇಲೆ ಒತ್ತಿದರು. ಬಟ್ಟೆಯ ಮೇಲೆ ಮೂಡಿದ ಗುರುತು ಕಪ್ಪಲ್ಲ. ಕಾರ್ಖಾನೆಯಲ್ಲಿ ತುಕ್ಕು ಹಿಡಿಯದಂತೆ ಸವರಿ ಕಳಿಸುವ ಗ್ರೀಸು, ಜೇನಿನ ಹಾಗೆ ಹಳದಿ. ಹೊರಗೆ ಟೆಂಪೋ ಒಂದು ಹಾದುಹೋಯಿತು. ಸಿದ್ಧಲಿಂಗೇಶ ಪೆನ್ನಿನ ಮುಚ್ಚಳವನ್ನು ಮತ್ತೆ ತೆಗೆದು, ದನಿ ಏರಿಸದೆ ಕೇಳಿದರು: “ನಾಕು ತಿಂಗಳಿಂದ ದಿನಾ ಸುಟ್ಟೆಣ್ಣೆ ಓಡಿದ ಪಂಪು ಅಂದ್ರಿ. ಅಷ್ಟು ದಿನ ಇದು ಎಲ್ಲಿತ್ತು, ಅಂಬಣ್ಣ?”